ಹಾಸ್ಟೆಲ್ ಚಪ್ಪರದ ಏಪ್ರಿಲ್ ಚಾಟಣಿ

ನಮ್ಮ ಕಾಲೇಜು ಫೋಟೊದಲ್ಲಿ ಚೆನ್ನಾಗಿ ಬರುವುದಿಲ್ಲ. ಚಿಕ್ಕೋಡಿಯಿಂದ ರಾಯಬಾಗದ ಕಡೆ ಹೋಗುವ ರಸ್ತೆಯ ಬದಿಗೆ ಗರಸು ಮಣ್ಣಿನ ಇಳಿಜಾರು, ಅದರ ಮೇಲೆ ಮೂರು ಕಟ್ಟಡ, ಒಂದು ನೀರಿನ ಟಾಕಿ, ಹಿಂದೆ ಹೆಣ್ಣುಮಕ್ಕಳ ಹಾಸ್ಟೆಲ್ಲು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಎರಡೆರಡು ಡಬ್ಬಿ ಎಳೆಯುತ್ತ, ಮರಾಠಿ ಹಾಡು ಹಚ್ಚಿಕೊಂಡು ಗೇಟಿನ ಮುಂದೆ ಹೋಗುವಾಗ ನಾನು ಪಾಠ ನಿಲ್ಲಿಸಿ, ಸೀಮೆಸುಣ್ಣ ಹಿಡಿದುಕೊಂಡು ಸುಮ್ಮನೆ ನಿಲ್ಲಬೇಕು. ಹಿಂದಿನ ಬೆಂಚಿನವರು ಅಷ್ಟರಲ್ಲಿ ಹಾಡಿನ ಎರಡನೇ ಸಾಲು ಗುನುಗಿರುತ್ತಾರೆ. ಇಂಥ ಕ್ಯಾಂಪಸ್ಸಿನಲ್ಲಿ ಚಂದ ಅನ್ನುವಂಥದ್ದು ಏನಿದೆ ಎಂದು ಯಾರಾದರೂ ಕೇಳಿದರೆ ನಾನು ಯೋಚಿಸುವುದೇ ಇಲ್ಲ. ಸೀದಾ ಹಾಸ್ಟೆಲ್ ಮುಂದಿನ ಚಪ್ಪರದ ಕೆಳಗೆ ಕರೆದುಕೊಂಡು ಹೋಗಿ ಕೂರಿಸುತ್ತೇನೆ.

ಕಬ್ಬಿಣದ ಪೈಪಿನ ಆರು ಕಂಬ, ಮೇಲೆ ತಂತಿ ಜಾಳಿಗೆ, ಅದರ ತುಂಬ ಮಧುಮಾಲತಿ ಬಳ್ಳಿ. ಹೂ ಅರಳಿದ ಸಂಜೆ ಬಿಳಿ, ಮರುದಿನ ಗುಲಾಬಿ, ಅದರ ಮರುದಿನ ಕೆಂಪು. ಹೊಸದಾಗಿ ಬಂದ ಹುಡುಗಿಯರು ಮೂರು ಬಳ್ಳಿ ಹಚ್ಚಿದ್ದಾರೆ ಅಂದುಕೊಳ್ಳುತ್ತಾರೆ. ಕೆಳಗೆ ನಾಲ್ಕು ಕಲ್ಲು ಬೆಂಚು. ಹಾಸ್ಟೆಲ್ ಒಳಗೆ ಫೋನಿಗೆ ರೇಂಜ್ ಸಿಗುವುದಿಲ್ಲ, ಚಪ್ಪರದ ಕೆಳಗೆ ಸಿಗುತ್ತದೆ. ಹಾಗಾಗಿ ಮನೆಯ ಜೊತೆಗಿನ ಮಾತೆಲ್ಲ ಅಲ್ಲೇ: ಒಬ್ಬಳು ಕನ್ನಡದಲ್ಲಿ, ಪಕ್ಕದವಳು ಮರಾಠಿಯಲ್ಲಿ, ಮೂರನೆಯವಳು ಎರಡೂ ಕಲಸಿ. ತಲೆ ಬಾಚುವುದು ಅಲ್ಲಿ, ಶೇಂಗಾ ಚಟ್ನಿಯ ಡಬ್ಬಿ ಒಡೆಯುವುದು ಅಲ್ಲಿ, ಪರೀಕ್ಷೆಯ ಮುಂಚೆ ಅಳುವುದೂ ಅಲ್ಲಿ. ಗಂಡಸರು ಹಾಸ್ಟೆಲ್ ಹೊಸ್ತಿಲು ದಾಟುವ ಹಾಗಿಲ್ಲವಾದ್ದರಿಂದ ಮಕ್ಕಳನ್ನು ನೋಡಲು ಬಂದ ಅಪ್ಪಂದಿರು ಕೂರುವುದೂ ಅಲ್ಲೇ. ಮಗಳು ತಂದ ನೀರು ಕುಡಿದು, ಹಾಸ್ಟೆಲ್ ಊಟ ಹೆಂಗದ ಎಂದು ಕೇಳಿ, ಮುಂದೇನು ಮಾತಾಡಬೇಕು ತಿಳಿಯದೆ ಬಳ್ಳಿ ನೋಡುತ್ತ ಕೂತಿರುತ್ತಾರೆ.

ನಾನು ಸಸ್ಯಶಾಸ್ತ್ರ ಕಲಿಸುವವಳು, ಜೊತೆಗೆ ಹಾಸ್ಟೆಲ್ಲಿನ ವಾರ್ಡನ್. ಹುಟ್ಟಿದ್ದು ನಿಪ್ಪಾಣಿಯಲ್ಲಿ. ಬಜಾರದ ಬಾಯಿಗೆ ಮನೆ ಇದ್ದವಳಿಗೆ ದನಿ ತಗ್ಗಿಸುವುದು ಯಾರೂ ಕಲಿಸಲಿಲ್ಲ. ನನಗೆ ಗೊತ್ತಿಲ್ಲ ಎಂದು ಹೇಳುವುದೂ ಅಷ್ಟಾಗಿ ಬರುವುದಿಲ್ಲ. ಕ್ಯಾಂಪಸ್ ಸುಂದರೀಕರಣ ಸಮಿತಿಗೆ ನನ್ನನ್ನು ಮುಖ್ಯಸ್ಥೆ ಮಾಡಿದಾಗ ಉಳಿದ ಸದಸ್ಯರು ಮರುದಿನವೇ ತಮ್ಮ ಕೆಲಸ ಮುಗಿಯಿತು ಎಂದು ತಿಳಿದುಕೊಂಡರು. ಅದರಲ್ಲಿ ಅವರ ತಪ್ಪೇನೂ ಇಲ್ಲ.

ನನ್ನ ಸೌಂದರ್ಯಪ್ರಜ್ಞೆ ಆಗ ಬೋರ್ಡುಗಳಲ್ಲಿತ್ತು. ಹಾದಿಯ ಕಲ್ಲುಗಳಿಗೆ ಸುಣ್ಣ ಮತ್ತು ಕೆಮ್ಮಣ್ಣು ಬಳಿಸಿದೆ, ಕ್ರೋಟನ್ ಕುಂಡಗಳನ್ನು ದಾರ ಹಿಡಿದು ಸಾಲು ಮಾಡಿಸಿದೆ, ಆಮೇಲೆ ಪೇಂಟರನನ್ನು ಕರೆಸಿ ಹನ್ನೊಂದು ಬೋರ್ಡು ಬರೆಸಿದೆ. ಹುಲ್ಲಿನ ಮೇಲೆ ನಡೆಯಬೇಡಿ. ಹೂ ಕೀಳಬೇಡಿ. ಗದ್ದಲ ಮಾಡಬೇಡಿ. ಇಲ್ಲಿ ಬಟ್ಟೆ ಒಣಹಾಕಬೇಡಿ. ಹತ್ತು ಬೇಡಗಳಾದ ಮೇಲೆ ನನಗೇ ಸ್ವಲ್ಪ ಅತಿಯಾಯಿತು ಅನ್ನಿಸಿ ಹನ್ನೊಂದನೆಯದನ್ನು ಪ್ರೀತಿಯಿಂದ ಬರೆಸಿದೆ. ನೀಲಿ ಹಲಗೆ, ಬಿಳಿ ಅಕ್ಷರ, ಮೂಲೆಗೆ ಒಂದು ತುಳಸಿಕಟ್ಟೆ: "ಇದು ನಿಮ್ಮ ಮನೆ. ಮನೆಯಂತೆಯೇ ಕಾಳಜಿ ಮಾಡಿ." ಅದನ್ನು ಚಪ್ಪರದ ಕಂಬಕ್ಕೇ ಕಟ್ಟಿಸಿದೆ. ಒಳ್ಳೆಯ ಮಾತು ಬರೆಸಿದೆ ಎಂದು ಬಹಳ ದಿನ ಹೆಮ್ಮೆಯಿಂದ ಓಡಾಡಿದೆ.

ಈ ಬೋರ್ಡನ್ನು ನಿಂತು, ಅಕ್ಷರ ಅಕ್ಷರವಾಗಿ, ಗಟ್ಟಿಯಾಗಿ ಓದಿದ ಮನುಷ್ಯನನ್ನು ನಾನು ಒಬ್ಬನನ್ನೇ ಕಂಡಿದ್ದೇನೆ. ಅಥಣಿಯ ಆಚೆಗಿನ ಒಂದು ಹಳ್ಳಿಯ ದ್ರಾಕ್ಷಿ ಬೆಳೆಗಾರ. ಮಗಳನ್ನು ಹಾಸ್ಟೆಲ್ಲಿಗೆ ಬಿಡಲು ಬಂದಿದ್ದ. ಆ ಮನೆಯಿಂದ ಹೊರಗೆ ಉಳಿದು ಓದುವ ಮೊದಲ ಹುಡುಗಿ ಅವಳು. ಅಜ್ಜಿ ಒಪ್ಪಿರಲಿಲ್ಲ. "ಸ್ವಂತ ಮನಿ ಇರೂವಾಗ ಪರರ ಮನ್ಯಾಗ ಯಾಕ ಉಳೀಬೇಕು?" ಎಂಬುದು ಆಕೆಯ ಒಂದೇ ಪ್ರಶ್ನೆ. ಅಪ್ಪ ಮಾತು ಕೊಟ್ಟು, ಜಗಳಾಡಿ, ಮಗಳನ್ನು ಕರೆತಂದಿದ್ದ. ಇದನ್ನೆಲ್ಲ ಅವನೇ ಮೊದಲ ಹತ್ತು ನಿಮಿಷದಲ್ಲಿ ಹೇಳಿದ. ಆಮೇಲೆ ಬೋರ್ಡು ಓದಿದ. ಓದಿ, ಅಲ್ಲೇ ನಿಂತು ಫೋನು ಹಚ್ಚಿದ.

"ಯವ್ವಾ, ಚಿಂತಿ ಬಿಡು. ಇಲ್ಲಿ ಬರದ ಹಾಕ್ಯಾರ, ಇದು ನಿಮ್ಮ ಮನಿ ಅಂತ."

ನನ್ನ ಕಡೆ ತಿರುಗಿ, "ಮಾತು ಕೊಟ್ಟು ಬಂದೇನ್ರಿ ಅಕ್ಕೋರ. ಹುಡುಗಿ ಮನಸ ಇಲ್ಲಿ ನಿಂತ್ರ ಓದತಾಳ, ನಿಲ್ಲಲಿಲ್ಲಂದ್ರ ಒಂದ ದಿನಾನೂ ಇರಸೂದಿಲ್ಲ" ಅಂದ.

"ಅದನ್ನ ನನಗ ಬಿಡ್ರಿ" ಎಂದೆ. ಎಷ್ಟು ಧೈರ್ಯ ನನಗೆ!

ಹುಡುಗಿಯ ಮನಸ್ಸು ಬೇಗ ನಿಲ್ಲಲಿಲ್ಲ. ಮೊದಲ ತಿಂಗಳು ಬೆಂಚಿನ ತುದಿಯಲ್ಲಿ, ಎದ್ದು ಹೋಗಲು ತಯಾರಾದವಳ ಹಾಗೆ ಕೂರುತ್ತಿದ್ದಳು. ಎರಡು ಸಲ ಬ್ಯಾಗು ಕಟ್ಟಿ ಬಿಚ್ಚಿದಳು. ಊಟಕ್ಕೆ ಕರೆದರೆ "ಹಸಿವಿಲ್ರಿ ಮೇಡಂ", ಮಾತಿಗೆ ಕರೆದರೆ "ಏನಿಲ್ರಿ ಮೇಡಂ". ಆದರೆ ಕೈ ಬಂಗಾರದ್ದು. ಕಾಂಡದ ಅಡ್ಡಸೀಳು ತೆಗೆಯಲು ಬ್ಲೇಡು ಕೊಟ್ಟರೆ ಬೆಳಕು ಹಾಯುವಷ್ಟು ತೆಳುವಾಗಿ ತೆಗೆಯುತ್ತಿದ್ದಳು. ಇಷ್ಟು ವರ್ಷದಲ್ಲಿ ನನ್ನ ಕೈಯಿಂದಲೂ ಅಷ್ಟು ತೆಳು ಬಂದದ್ದು ಕಡಿಮೆ. ದೀಪಾವಳಿ ರಜೆ ಮುಗಿಸಿ ಬಂದ ಮೇಲೆ ಬೆಂಚಿನ ನಡುವೆ ಕೂರತೊಡಗಿದಳು. ಸಂಕ್ರಾಂತಿಯ ಹೊತ್ತಿಗೆ ಅವಳ ನಗು ನನ್ನ ಕೋಣೆಗೂ ಕೇಳಿಸತೊಡಗಿತು. ನಾನು ಅದನ್ನೂ ನನ್ನ ಬೋರ್ಡಿನ ಲೆಕ್ಕಕ್ಕೇ ಹಾಕಿಕೊಂಡೆ.

ಏಪ್ರಿಲಿನ ಒಂದು ಭಾನುವಾರ. ಪ್ರಾಯೋಗಿಕ ಪರೀಕ್ಷೆ ಹತ್ತಿರವಿತ್ತೆಂದು ನಾನು ಆ ದಿನ ಹೆಚ್ಚಿನ ತರಗತಿ ಇಟ್ಟಿದ್ದೆ. ಹುಡುಗಿಯೂ ನಾನೂ ಉಳಿದವರೂ ಬೆಳಗಿನಿಂದ ಪ್ರಯೋಗಾಲಯದಲ್ಲಿದ್ದೆವು. ಅವಳ ಅಪ್ಪ ಮಗಳನ್ನು ನೋಡಲು ಬಂದದ್ದು ನಮಗೆ ಗೊತ್ತಾಗಲಿಲ್ಲ. ಕಾವಲುಗಾರ ಅವನನ್ನು ಚಪ್ಪರದ ಕೆಳಗೆ ಕೂರಿಸಿ, "ಒಂದು ಗಂಟೆಗೆ ಬಿಡ್ತಾರ್ರಿ" ಎಂದನಂತೆ. ಇನ್ನೂ ಮೂರು ತಾಸು ಇತ್ತು.

ದ್ರಾಕ್ಷಿಯವರ ಏಪ್ರಿಲ್ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಹಣ್ಣು ಇಳಿದು, ಒಣಗಿ ಮಣೂಕು ಅಂದರೆ ಒಣದ್ರಾಕ್ಷಿಯಾಗಿ ಪೆಟ್ಟಿಗೆ ಸೇರಿದ ಮೇಲೆ, ಏಪ್ರಿಲಿನಲ್ಲಿ ಬಳ್ಳಿಯನ್ನು ಮೋಟು ಮಾಡಿ ಕತ್ತರಿಸುತ್ತಾರೆ. ಎಲೆ ಒಂದೂ ಉಳಿಯುವುದಿಲ್ಲ. ಅದಕ್ಕೆ ಚಾಟಣಿ ಎನ್ನುತ್ತಾರೆ. ಅದು ತಪ್ಪಿದರೆ ಮುಂದಿನ ಬೆಳೆ ಇಲ್ಲ. ಅಥಣಿ, ಕಾಗವಾಡದ ಕಡೆ ಆ ತಿಂಗಳು ಗಂಡಸರ ಕಿಸೆಯಲ್ಲಿ ಮೊಬೈಲು ಇಲ್ಲದಿದ್ದರೂ ಕತ್ತರಿ ಇರುತ್ತದೆ. ಆ ಕತ್ತರಿ ಇಟ್ಟುಕೊಂಡು, ಆರು ವರ್ಷ ಯಾರೂ ಮುಟ್ಟದ ಬಳ್ಳಿಯ ಕೆಳಗೆ, ಏಪ್ರಿಲಿನಲ್ಲಿ ಮೂರು ತಾಸು ಸುಮ್ಮನೆ ಕೂರು ಎಂದರೆ ಬೆಳೆಗಾರ ಕೂತಾನೆಯೇ?

ಮೊದಲು ಒಂದು ಒಣಕಡ್ಡಿ ಕತ್ತರಿಸಿದನಂತೆ. ಆಮೇಲೆ ಇನ್ನೊಂದು. ಆಮೇಲೆ ಬೆಂಚಿನ ಮೇಲೆ ನಿಂತ. ಕಾವಲುಗಾರ ಬಂದು ನೋಡಿ, ಮೇಡಂ ಹೇಳಿರಬೇಕು ಅಂದುಕೊಂಡು ನೀರಿನ ಟಾಕಿಗೆ ಒರಗಿಸಿದ್ದ ಏಣಿಯನ್ನೇ ತಂದುಕೊಟ್ಟು ಹಿಡಿದು ನಿಂತ. ಎಕರೆಗಟ್ಟಲೆ ಚಾಟಣಿ ಮಾಡಿದ ಕೈಗೆ ಆರು ಕಂಬದ ಚಪ್ಪರ ಯಾವ ಲೆಕ್ಕ!

ಒಂದು ಗಂಟೆಗೆ ನಾವು ರೆಕಾರ್ಡ್ ಪುಸ್ತಕ ತಲೆಯ ಮೇಲೆ ಹಿಡಿದುಕೊಂಡು ಬಿಸಿಲಲ್ಲಿ ನಡೆದು ಬಂದೆವು. ಚಪ್ಪರ ಇರಲಿಲ್ಲ. ಅಂದರೆ ಪೈಪು ಇತ್ತು, ತಂತಿ ಇತ್ತು, ತಂತಿಯ ಮೇಲೆ ಗೇಣುದ್ದದ ಮೋಟುಗಳಿದ್ದವು, ಕಲ್ಲು ಬೆಂಚಿನ ಮೇಲೆ ನೆಟ್ಟಗೆ ಬಿಸಿಲು ಬಿದ್ದಿತ್ತು. ಕೆಳಗೆ ಎದೆಮಟ್ಟ ಸೊಪ್ಪಿನ ರಾಶಿ. ರಾಶಿಯಲ್ಲಿ ಹೂ ಇನ್ನೂ ಬಿಳಿ, ಗುಲಾಬಿ, ಕೆಂಪು. ಪಕ್ಕದಲ್ಲಿ ಆ ಮನುಷ್ಯ ಮೈಯೆಲ್ಲ ಬೆವೆತು, ದೊಡ್ಡ ಕೆಲಸ ಮುಗಿಸಿದವನ ಖುಷಿಯಲ್ಲಿ ನಿಂತಿದ್ದ.

"ಚೊಕ್ಕ ಆತ್ ನೋಡ್ರಿ ಅಕ್ಕೋರ" ಎಂದ.

ಯಾರೋ ಹುಡುಗಿ ಅಯ್ಯೋ ಎಂದಳು. ಇನ್ನೊಬ್ಬಳು ಅತ್ತೇಬಿಟ್ಟಳು. ನನ್ನ ನೆತ್ತಿಗೆ ಏರಿದ್ದು ಬಿಸಿಲೋ ಸಿಟ್ಟೋ, ಅಷ್ಟೂ ಹುಡುಗಿಯರ ಮುಂದೆ ನಿಪ್ಪಾಣಿ ಬಜಾರದ ದನಿಯಲ್ಲಿ ಕೂಗಿದೆ: "ಯಾರನ್ನ ಕೇಳಿ ಕಡದ್ರಿ? ಇದೇನು ನಿಮ್ಮ ತೋಟ ಏನ್ರಿ?"

ಅವನ ಮುಖ ಸಣ್ಣದಾಯಿತು. "ಇಲ್ರಿ... ಏಪ್ರಿಲ್ ಐತಲ್ರಿ, ಅದಕ್ಕ..." ಎಂದ. ಆಮೇಲೆ "ತಪ್ಪಾತ್ರಿ" ಎಂದ. ಕತ್ತರಿ ಮಡಚಿ ಕಿಸೆಗೆ ಹಾಕಿದ. ಕಸಬರಿಗೆ ತೆಗೆದುಕೊಂಡು ಸೊಪ್ಪು ಗುಡಿಸಿ ತನ್ನ ಗಾಡಿಗೆ ತುಂಬತೊಡಗಿದ. ಒಂದು ಎಲೆ ಬಿಡಲಿಲ್ಲ.

ಅವನ ಮಗಳು ಅಷ್ಟು ಹೊತ್ತೂ ನನ್ನನ್ನು ನೋಡಲಿಲ್ಲ, ಅಪ್ಪನನ್ನೂ ನೋಡಲಿಲ್ಲ. ಕಂಬದ ಮೇಲಿನ ನೀಲಿ ಹಲಗೆ ನೋಡುತ್ತಿದ್ದಳು. ಬಳ್ಳಿ ಹೋದ ಮೇಲೆ ಅದೊಂದೇ ಅಲ್ಲಿ ಎದ್ದು ಕಾಣುತ್ತಿತ್ತು. ಒಳಗೆ ಹೋದವಳು ಬ್ಯಾಗು ತೆಗೆದುಕೊಂಡು ಬಂದಳು. ನನ್ನ ಮುಂದೆ ಹಾಯುವಾಗ ನಿಂತು, ಮೆಲ್ಲಗೆ ಹೇಳಿದಳು:

"ಆ ಬೋರ್ಡ್ ನೀವ ಬರಸೀರಲ್ರಿ ಮೇಡಂ."

ಗಾಡಿ ಸೊಪ್ಪಿನ ರಾಶಿಯನ್ನೂ ಅವಳನ್ನೂ ಹೊತ್ತುಕೊಂಡು ಗೇಟು ದಾಟಿತು.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನನ್ನ ಅವ್ವ ನನಗೆ ಸಾವಿರ ಸಲ ಹೇಳಿರಬೇಕು. ಬಳ್ಳಿಯಾದರೆ ಚಿಗುರುತ್ತದೆ. ಅದನ್ನು ಬೇರೆಯವರು ನನಗೆ ಹೇಳಬೇಕಿರಲಿಲ್ಲ. ಅದೇ ವಾರ ನಾನು ಕರಿಹಲಗೆಯ ಮುಂದೆ ನಿಂತು, ತುದಿ ಮೊಗ್ಗನ್ನು ಕತ್ತರಿಸಿದರೆ ಪಕ್ಕದ ಮೊಗ್ಗುಗಳು ಎಚ್ಚರಗೊಳ್ಳುತ್ತವೆ, ಗಿಡ ಪೊದೆಯಾಗಿ ಬೆಳೆಯುತ್ತದೆ ಎಂದು ಪಾಠ ಮಾಡಬೇಕಾಯಿತು. ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಕೆಮ್ಮಿದ್ದು ಯಾಕೆಂದು ನನಗೂ ಗೊತ್ತು, ತರಗತಿಗೂ ಗೊತ್ತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಬಳ್ಳಿಯ ಮಟ್ಟಿಗೆ ಅವನು ಮಾಡಿದ್ದೇ ಸರಿ. ಆರು ವರ್ಷ ನಾನೇ ಮಾಡಬೇಕಿದ್ದ ಕೆಲಸ ಅದು.

ಆದರೆ ಬಳ್ಳಿ ಸರಿಯಿದ್ದರೆ ಸಾಕೇ? ಹೊರಗೆ ಬಿಸಿಲು ಕಾಯಿಸಿದ ಹೆಂಚಾಗಿತ್ತು. ಹುಡುಗಿಯರು ಬೆಂಚಿನ ಮೇಲೆ ಕೂರಲು ಹೋಗಿ ಚುರುಕ್ಕೆಂದು ಏಳುತ್ತಿದ್ದರು. ಫೋನಿಗಾಗಿ ಗೋಡೆಯ ಮಗ್ಗುಲಿಗೆ ಸಾಲಾಗಿ ನಿಲ್ಲುತ್ತಿದ್ದರು. ಪಕ್ಕದವಳಿಗೆ ಬೆನ್ನು ತಿರುಗಿಸಿ, ಬೇಗ ಬೇಗ ಮಾತಾಡಿ ಒಳಗೆ ಓಡುತ್ತಿದ್ದರು. ಡಬ್ಬಿಗಳು ಕೋಣೆಗಳೊಳಗೇ ತೆರೆದು ಅಲ್ಲೇ ಮುಚ್ಚುತ್ತಿದ್ದವು. ಮುಂದಿನ ಭಾನುವಾರ ಪಾಲಬಾವಿಯಿಂದ ಬಂದ ಒಬ್ಬ ಅಪ್ಪ ಗೇಟಿನ ಕಂಬದ ಒಂದು ಮೊಳ ನೆರಳಿನಲ್ಲಿ ನಿಂತೇ ಮಗಳನ್ನು ನೋಡಿಕೊಂಡು, ಐದು ನಿಮಿಷಕ್ಕೆ ಹೊರಟುಹೋದ. ಸುಣ್ಣ ಬಳಿದ ಕಲ್ಲುಗಳು ಸಾಲಾಗಿಯೇ ಇದ್ದವು, ಕ್ರೋಟನ್ ಕುಂಡಗಳು ದಾರ ಹಿಡಿದಂತೆಯೇ ಇದ್ದವು. ಅವುಗಳ ಹತ್ತಿರ ಯಾರೂ ಎಂದೂ ಕೂತಿರಲಿಲ್ಲ ಎಂಬುದು ಆಗ ನನ್ನ ಕಣ್ಣಿಗೆ ಬಿತ್ತು. ನಾನು ಚಂದ ಮಾಡಿದ್ದ ಜಾಗ ಒಂದು, ಇವರು ಬದುಕುತ್ತಿದ್ದ ಜಾಗ ಇನ್ನೊಂದು.

ಹುಡುಗಿ ಫೋನು ಎತ್ತಲಿಲ್ಲ. ಅವಳ ಕೋಣೆಯ ಗೆಳತಿಗೆ ಮಾತ್ರ ಹೇಳಿದ್ದಳಂತೆ: ಕಾಲೇಜು ಸಾಕು, ತೋಟದ ಕೆಲಸ ನೋಡಿಕೊಂಡು ಇರುತ್ತೇನೆ. ಇನ್ನೊಂದು ವಾರ ತಪ್ಪಿಸಿದರೆ ಹಾಜರಿ ಸಾಲದೆ ಪರೀಕ್ಷೆಗೆ ಕೂರುವಂತಿರಲಿಲ್ಲ. ಅಷ್ಟು ತೆಳುವಾಗಿ ಸೀಳು ತೆಗೆಯುವ ಕೈ ನನ್ನ ಒಂದು ಮಾತಿಗೆ ಮನೆಗೆ ಹೋಗಿತ್ತು. ನನಗೆ ಊಟ ಸೇರಲಿಲ್ಲ. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. ಮೆಸ್ಸಿನ ಅಡುಗೆಯವಳೇ "ಮೇಡಂ, ಹೋಗಿ ಕರ್ಕೊಂಡ ಬರ್ರಿ, ರೊಟ್ಟಿ ವಾಪಸ್ ಬರಾಕತ್ತಾವ" ಎಂದಳು.

ಹೋದೆ. ಅವಳ ರೆಕಾರ್ಡ್ ಪುಸ್ತಕ ಪ್ರಯೋಗಾಲಯದಲ್ಲಿ ಉಳಿದಿತ್ತು, ಅದನ್ನು ಕೊಡುವ ನೆಪ ಮಾಡಿಕೊಂಡೆ. ಅಥಣಿವರೆಗೆ ಬಸ್ಸು, ಅಲ್ಲಿಂದ ಟಂಟಂ ಆಟೊ. ತೋಟದ ಬದುವಿಗೆ ಇಳಿದಾಗ ಹತ್ತು ಗಂಟೆ. ನಮ್ಮ ಚಪ್ಪರದಂಥವೇ ಮೋಟುಗಳು, ಆದರೆ ಕಣ್ಣು ಹಾಯುವವರೆಗೆ. ಹತ್ತಿರ ಹೋದರೆ ಪ್ರತಿ ಮೋಟಿಗೂ ಬೆರಳುದ್ದದ ಹಸಿರು. ಹುಡುಗಿ, ಅವಳ ಅಜ್ಜಿ, ಇನ್ನೂ ನಾಲ್ಕು ಮಂದಿ ಹೆಂಗಸರು ಸಾಲು ಹಿಡಿದು ಬೇಡದ ಚಿಗುರು ಚಿವುಟುತ್ತಿದ್ದರು. ಅಪ್ಪ ದೂರದಲ್ಲಿ ನೀರಿನ ಪೈಪು ಜೋಡಿಸುತ್ತಿದ್ದ. ನನ್ನನ್ನು ಕಂಡು ಹುಡುಗಿ ತಲೆ ತಗ್ಗಿಸಿದಳು, ಕೈ ನಿಲ್ಲಿಸಲಿಲ್ಲ.

"ಬರ್ರಿ" ಎಂದಳು ಅಜ್ಜಿ. ಅಷ್ಟೇ. ಬಂದವರಿಗೆ ಬರ್ರಿ ಎನ್ನದಿರಲು ಆಕೆಗೆ ಬರುತ್ತಿರಲಿಲ್ಲ, ಅದಕ್ಕಿಂತ ಹೆಚ್ಚು ಹೇಳಲು ಮನಸ್ಸಿರಲಿಲ್ಲ.

ಸುಮ್ಮನೆ ನಿಲ್ಲುವುದು ನನ್ನ ಜಾಯಮಾನವಲ್ಲ. ನಾನೂ ಸೆರಗು ಸಿಕ್ಕಿಸಿಕೊಂಡು ಪಕ್ಕದ ಬಳ್ಳಿಗೆ ಕೈ ಹಾಕಿದೆ. ಸಸ್ಯಶಾಸ್ತ್ರದವಳು, ಚಿಗುರು ಚಿವುಟಲು ಯಾರು ಕಲಿಸಬೇಕು? ಚಟ್ ಚಟ್ ಎಂದು ನಾಲ್ಕು ಮುರಿದೆ. ಹುಡುಗಿ ತಿರುಗಿ ನೋಡಿ, "ಅಯ್ಯ, ಅದಲ್ರಿ ಮೇಡಂ!" ಎಂದಳು. ನಾನು ಮುರಿದದ್ದು ಉಳಿಸಿಕೊಳ್ಳಬೇಕಾದ ಚಿಗುರುಗಳನ್ನೇ. ಮುಂದಿನ ವರ್ಷ ಹಣ್ಣು ಬಿಡುವ ಕಡ್ಡಿ ಆಗಬೇಕಿದ್ದವು. ನನ್ನ ಕೈಯಲ್ಲಿ ಅವು ಬಾಡತೊಡಗಿದ್ದವು.

ಅಜ್ಜಿ ಬಂದು ಬಳ್ಳಿ ನೋಡಿದಳು, ನನ್ನ ಮುಖ ನೋಡಿದಳು. ಆ ಕ್ಷಣ ಆಕೆ ಏನು ಹೇಳಬಹುದಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ನಾನೇ ಆಡಿದ ಮಾತು ಅದು. ಆಕೆ ಹೇಳಿದ್ದು ಬೇರೆ: "ಇರಲಿ ಬಿಡ್ರಿ. ನಾಕ ಚಿಗುರಿಗೆ ತ್ವಾಟ ಮುಳುಗೂದಿಲ್ಲ. ಹಿಂಗ ಹಿಡೀರಿ." ನನ್ನ ಬೆರಳು ಹಿಡಿದು ಯಾವುದನ್ನು ಬಿಡಬೇಕು, ಯಾವುದನ್ನು ತೆಗೆಯಬೇಕು ಎಂದು ತೋರಿಸಿದಳು.

ನನ್ನ ಕಣ್ಣು ತುಂಬಿದವು. ಮುಚ್ಚಿಡಲು ಹೋಗಲಿಲ್ಲ. ಅಪ್ಪನನ್ನು ಕೂಗಿ ಕರೆದೆ. ಅವನು ಕೈ ಒರೆಸಿಕೊಳ್ಳುತ್ತ ಬಂದು ದೂರ ನಿಂತ. ಅಷ್ಟೂ ಜನರ ಮುಂದೆ, ಅವತ್ತು ಕೂಗಿದಷ್ಟೇ ಗಟ್ಟಿಯಾಗಿ ಹೇಳಿದೆ:

"ಅವತ್ತ ನಾ ಆಡಿದ್ದು ತಪ್ಪು. ಹುಡುಗ್ಯಾರ ಮುಂದ ಆಡಿದ್ದು ಇನ್ನೂ ದೊಡ್ಡ ತಪ್ಪು. ನೀವು ಮನಿ ಅಂತ ತಿಳದ್ರಿ, ನಾ ತಿಳೀಲಿಲ್ಲ."

ಅವನು ಗಾಬರಿಯಾದ. "ಛೇ, ಬಿಡ್ರಿ ಅಕ್ಕೋರ. ನಂದೂ ತಪ್ಪ ಐತಿ. ದ್ರಾಕ್ಷಿ ಬಳ್ಳಿ ಕೆಳಗ ಯಾರೂ ಕುಂಡ್ರೂದಿಲ್ರಿ. ಆ ಬಳ್ಳಿ ಕೆಳಗ ಅಷ್ಟು ಹುಡುಗ್ಯಾರು ಕುಂಡ್ರತಾರ, ಬ್ಯಾಸಗ್ಯಾಗ ಅವ್ರು ಎಲ್ಲಿ ಹೋಗಬೇಕು ಅನ್ನೂದು ನನ್ನ ತಲ್ಯಾಗ ಬರಲೇ ಇಲ್ಲ. ಗಾಡ್ಯಾಗ ಬರೂವಾಗ ಮಗಳು ಹೇಳಿದ್ಲು. ಅವತ್ತಿಂದ ನನಗೂ ನಿದ್ದಿ ಇಲ್ರಿ."

ಫೋನಿನಲ್ಲಿ ನಮ್ಮ ಚಪ್ಪರದ ಫೋಟೊ ತೋರಿಸಿದೆ. ಮೋಟುಗಳಿಗೆ ಚಿಗುರು ಬಂದಿತ್ತು. ಅವನು ಅದನ್ನು ಬೆರಳಲ್ಲಿ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದ. "ಕಣ್ಣು ಒಡದಾವ. ಏಕದಮ್ ಚಲೋ ಬರತೇತಿ" ಎಂದ. ಮುಖ ಅಗಲವಾಯಿತು. ಅಷ್ಟರಲ್ಲೇ ಮಣೂಕಿನ ಶೆಡ್ಡಿನ ಕಡೆ ಹೊರಟವನು ಹಸಿರು ನೆರಳುಬಲೆಯ ದೊಡ್ಡ ಸುರುಳಿ ಹೊತ್ತು ತಂದ. ದ್ರಾಕ್ಷಿ ಒಣಗಿಸುವ ಕೆಲಸ ಮುಗಿದು ಬಲೆ ಖಾಲಿ ಬಿದ್ದಿತ್ತು. ಬಳ್ಳಿ ತುಂಬುವವರೆಗೆ ಇದನ್ನು ಚಪ್ಪರದ ಮೇಲೆ ಕಟ್ಟಿದರೆ ನೆರಳಿಗೆ ನೆರಳು, ಗಾಳಿಗೆ ಗಾಳಿ. ಸುಂದರೀಕರಣ ಸಮಿತಿಗೆ ಈ ಉಪಾಯ ಹೊಳೆದಿರಲಿಲ್ಲ.

ಆದರೆ ಹುಡುಗಿ ಇನ್ನೂ ಬಳ್ಳಿಯಿಂದ ಕೈ ತೆಗೆದಿರಲಿಲ್ಲ. ಅವಳ ಹತ್ತಿರ ಹೋಗಿ, "ನಡಿಯವ್ವಾ, ಅದೂ ನಿನ್ನ ಮನೀನ ಐತಿ" ಎಂದೆ.

ಅವಳು ಸುತ್ತ ಒಮ್ಮೆ ನೋಡಿದಳು. ತೋಟ, ಶೆಡ್ಡು, ಆಚೆಗೆ ಅವರ ಮನೆಯ ಬಾಗಿಲು.

"ನಮ್ಮ ಮನ್ಯಾಗ ಯಾರೂ ಹಂಗಂತ ಬೋರ್ಡ್ ಹಾಕಿಲ್ರಿ ಮೇಡಂ" ಎಂದಳು.

ಒರಟಾಗಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು. ನಾನು ಬರುತ್ತೀಯೋ ಇಲ್ಲವೋ ಎಂದು ಮತ್ತೆ ಕೇಳಲಿಲ್ಲ. ರೆಕಾರ್ಡ್ ಪುಸ್ತಕ ಅಜ್ಜಿಯ ಕೈಗೆ ಕೊಟ್ಟು, ಆಕೆ ಕೊಟ್ಟ ಮಜ್ಜಿಗೆ ಕುಡಿದು ಬಸ್ಸು ಹಿಡಿದೆ. ಮರುದಿನ ಬೆಳಿಗ್ಗೆ ಕಾವಲುಗಾರನನ್ನು ಕರೆದು ಏಣಿ ತರಿಸಿ, ಚಪ್ಪರದ ಬೋರ್ಡು ಇಳಿಸಿದೆ. ಕೈ ಹಾಕಿದ ಮೇಲೆ ಉಳಿದ ಹತ್ತನ್ನೂ ಇಳಿಸಿದೆ. ಸ್ಟೋರ್ ರೂಮಿನ ಬೀಗದ ಕೈಯನ್ನು ನನ್ನ ಸೊಂಟದಿಂದ ಬಿಚ್ಚಿ ಹಾಸ್ಟೆಲ್ ಒಳಬಾಗಿಲ ಮೊಳೆಗೆ ತೂಗು ಹಾಕಿದೆ. ಏಣಿ, ಗುದ್ದಲಿ, ಕತ್ತರಿ, ಪೈಪು ಯಾರಿಗೆ ಬೇಕೋ ಅವರು ತೆಗೆದುಕೊಳ್ಳಲಿ ಎಂದೆ. ಹುಡುಗಿಯರು ನನಗೆ ಮೈಯಲ್ಲಿ ಹುಷಾರಿಲ್ಲ ಅಂದುಕೊಂಡರು.

ಮೂರನೇ ದಿನ ಮಧ್ಯಾಹ್ನ ಗಾಡಿ ಬಂತು. ಮೊದಲು ಬಲೆಯ ಸುರುಳಿ ಇಳಿಯಿತು, ಆಮೇಲೆ ಅಪ್ಪ, ಆಮೇಲೆ ಅಜ್ಜಿ. ಕೊನೆಗೆ ಬ್ಯಾಗು ಹಿಡಿದುಕೊಂಡು ಹುಡುಗಿ ಇಳಿದಾಗ ನನ್ನ ಎದೆ ಹಗುರಾಯಿತು. ಅಜ್ಜಿ ಹೊಸ್ತಿಲು ದಾಟಿ ಒಳಗೆ ಹೋಗಿ, ಮೆಸ್ಸಿನ ಹಿಟ್ಟು ಮುಟ್ಟಿ ನೋಡಿ, ನಲ್ಲಿ ತಿರುಗಿಸಿ ನೋಡಿ, ಮೊಮ್ಮಗಳ ಮಂಚದ ಮೇಲೆ ಕೂತು ನೋಡಿ ಹೊರಗೆ ಬಂದಳು. "ನೀರು ಐತಿ, ಗಾಳಿ ಐತಿ. ಇರಲಿ" ಎಂದಳು. ಆ ವರ್ಷ ನಮ್ಮ ಕ್ಯಾಂಪಸ್ಸಿಗೆ ಸಿಕ್ಕ ಅತಿ ದೊಡ್ಡ ಪ್ರಶಸ್ತಿ ಎಂದು ನಾನು ಈಗಲೂ ಅದನ್ನೇ ಹೇಳುತ್ತೇನೆ. ಹುಡುಗಿಯರೇ ಏಣಿ ಹತ್ತಿ ಬಲೆ ಕಟ್ಟಿದರು. ಒಂದು ಮೂಲೆ ಜೋತು ಬಿತ್ತು, ಹಾಗೇ ಇರಲಿ ಎಂದರು. ಅಂದಿನ ಸಂಜೆಯೇ ಬೆಂಚಿನ ಮೇಲೆ ಡಬ್ಬಿಗಳು ತೆರೆದವು.

ಜೂನಿನ ಮಳೆಗೆ ಬಳ್ಳಿ ಬಲೆಯನ್ನು ಮೀರಿ ಹಬ್ಬಿತು, ಮೊದಲಿಗಿಂತ ದಟ್ಟವಾಗಿ ಹೂ ಬಿಟ್ಟಿತು. ಹುಡುಗಿ ಪರೀಕ್ಷೆ ಬರೆದಳು. ಬೋರ್ಡಿಲ್ಲದ ಕ್ಯಾಂಪಸ್ಸು ಕೆಟ್ಟುಹೋಯಿತು ಎಂದು ಕೆಲವರು ಹೇಳಿದರು. ಹುಲ್ಲಿನ ಮೇಲೆ ಹೆಜ್ಜೆ ಬಿದ್ದದ್ದು ನಿಜ. ಕ್ರೋಟನ್ ಕುಂಡಗಳನ್ನು ಭೋಜ ಕಡೆಯ ಇಬ್ಬರು ಹುಡುಗಿಯರು ಸಾಲು ಕೆಡಿಸಿ, ಮೆಸ್ಸಿನ ನೀರು ಹರಿಯುವಲ್ಲಿ ಇಟ್ಟು, ಪಕ್ಕದಲ್ಲಿ ಮೆಂತ್ಯೆ ಹಾಕಿದರು. ಫೋಟೊದಲ್ಲಿ ಅದೂ ಚೆನ್ನಾಗಿ ಬರಲಿಲ್ಲ. ನಾವು ಪಲ್ಯ ಮಾಡಿಕೊಂಡು ತಿಂದೆವು.

ಮುಂದಿನ ಏಪ್ರಿಲ್ ಬಂತು. ಬಳ್ಳಿ ಮತ್ತೆ ಮೈಮರೆತು ಬೆಳೆದಿತ್ತು. ಈ ಸಲ ಹುಡುಗಿಯರೇ ಚಪ್ಪರದ ಕೆಳಗೆ ಸಭೆ ಸೇರಿ ತೀರ್ಮಾನ ಮಾಡಿದ್ದರು: ಪೂರ್ವದ ಅರ್ಧ ಈಗ, ಪಶ್ಚಿಮದ ಅರ್ಧ ಮಳೆ ಬಿದ್ದ ಮೇಲೆ. ಬಳ್ಳಿಗೂ ನ್ಯಾಯ, ಕೂರುವವರಿಗೂ ನೆರಳು. ಸಲಹೆಗೆಂದು ಅವಳ ಅಪ್ಪನನ್ನು ಕರೆಸಿದ್ದರು. ಕತ್ತರಿ ತಂದಿದ್ದ, ಆದರೆ ಬೆಂಚು ಬಿಟ್ಟು ಏಳಬಾರದು ಎಂದು ಮಗಳ ಕಟ್ಟಪ್ಪಣೆಯಾಗಿತ್ತು. ಕೈ ತೊಡೆಯ ಮೇಲಿಟ್ಟುಕೊಂಡು, ಬೆರಳು ಮಿಸುಕಾಡಿಸುತ್ತ ಕೂತಿದ್ದ.

ನಾನು ತಡವಾಗಿ ಬಂದೆ. ಸಭೆಯ ಸುದ್ದಿ ನನಗೆ ಗೊತ್ತಿರಲಿಲ್ಲ. ಹುಡುಗಿಯರು ನಿಧಾನ ಮಾಡುತ್ತಿದ್ದಾರೆ ಅನ್ನಿಸಿ ಒಂದು ಕತ್ತರಿ ಎತ್ತಿಕೊಂಡು, ಬೆಂಚು ಹತ್ತಿ, ಕಣ್ಣಿಗೆ ಬಿದ್ದ ಒಂದು ದಪ್ಪ ಕಡ್ಡಿಗೆ ಹಿಡಿದೆ. ಅದು ಪಶ್ಚಿಮದ ಅರ್ಧ.

ಹಿಂದಿನಿಂದ ಗಟ್ಟಿ ದನಿಯೊಂದು ಬಂತು.

"ಯಾರನ್ನ ಕೇಳಿ ಕಡೀತೀರಿ ಮೇಡಂ? ಇದೇನು ನಿಮ್ಮ ತೋಟ ಏನ್ರಿ?"

ಅವಳ ಅಪ್ಪ ಎದ್ದು ನಿಂತೇಬಿಟ್ಟ. ನಾನು ತಿರುಗಿ ನೋಡಿದೆ. ಮೊದಲ ತಿಂಗಳು ಬೆಂಚಿನ ತುದಿಯಲ್ಲಿ ಕೂರುತ್ತಿದ್ದ ಹುಡುಗಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. ತುಟಿ ಬಿಗಿಹಿಡಿದು ನಗು ತಡೆಯುತ್ತಿದ್ದಳು, ಕಣ್ಣಲ್ಲಿ ನನ್ನ ಬಗ್ಗೆ ಹೆದರಿಕೆ ಎಳ್ಳಷ್ಟೂ ಇರಲಿಲ್ಲ. ನನಗೆ ನಗು ಬಂತು. ಬೆಂಚಿನ ಮೇಲೆ ನಿಂತೇ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ.

"ಅಲ್ಲವ್ವಾ, ನಂದಲ್ಲ" ಎಂದು ಕೆಳಗಿಳಿದು, ಕತ್ತರಿ ಅವಳ ಕೈಗೆ ಕೊಟ್ಟು, ಹೋಗಿ ಅವಳ ಅಪ್ಪನ ಪಕ್ಕದಲ್ಲಿ ಸುಮ್ಮನೆ ಕೂತೆ.